ಖಾಕಿ ಮಂಗಳೂರಲ್ಲಿ ಹುಟ್ಟಿತಾ? ಒಂದು ತಿದ್ದುಪಡಿ, ಮತ್ತು ಅಪ್ಪನ ಶರ್ಟು

ವಿಡಿಯೋ ನೋಡೋಕೆ ಪುರುಸೊತ್ತು ಸಿಗದವರಿಗೆ, ಹಿಂಜವಡಿ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸಲ್ಲಿ ಕೂತು ಓದೋದೇ ಸುಲಭ ಅನ್ನೋರಿಗೆ, ಎಂದಿನಂತೆ ಈ ಸಲದ ಮಾತಿನ ಬರಹ ಇಲ್ಲಿದೆ. ಮಾತಾಡುವಾಗ ತಡವರಿಸಿದ್ದನ್ನ ತೆಗೆದು ಸ್ವಲ್ಪ ಒಪ್ಪ ಮಾಡಿದೀನಿ. ಉಳಿದಿದ್ದು ಹಾಗೇ ಇದೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ರಾಜ್ಯೋತ್ಸವದ ಸಮಯದಲ್ಲಿ ಒಂದು ಸಂಚಿಕೆ ಮಾಡಿದ್ದೆ, ನೆನಪಿರಬಹುದು. ಕನ್ನಡ ನಾಡು ಜಗತ್ತಿಗೆ ಏನೇನು ಕೊಟ್ಟಿದೆ ಅನ್ನೋ ಪಟ್ಟಿ. ಅದರಲ್ಲಿ ತುಂಬಾ ಹೆಮ್ಮೆಯಿಂದ ಒಂದು ಸಾಲು ಹೇಳಿದ್ದೆ: "ಪೊಲೀಸರು, ಸೈನಿಕರು ಹಾಕೋ ಖಾಕಿ ಹುಟ್ಟಿದ್ದು ನಮ್ಮ ಮಂಗಳೂರಿನ ಬಲ್ಮಠದಲ್ಲಿ, 1851ರಲ್ಲಿ." ಆ ತುಣುಕನ್ನ ಬಹಳ ಜನ ಹಂಚಿಕೊಂಡರು. ಹಂಚಿಕೊಂಡವರಲ್ಲಿ ನಮ್ಮಪ್ಪನೂ ಒಬ್ಬರು. ಅಪ್ಪ ಹುಬ್ಬಳ್ಳಿಯಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಮೂವತ್ತೊಂದು ವರ್ಷ ಖಾಕಿ ಹಾಕಿದವರು. ನಿವೃತ್ತ ಡ್ರೈವರ್-ಕಂಡಕ್ಟರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಅದನ್ನ ಹಾಕಿ ಕೆಳಗೆ ಬರೆದಿದ್ರು: "ನೋಡ್ರಪಾ, ಇಷ್ಟು ವರ್ಷ ನಾವು ಹಾಕ್ಕೊಂಡಿದ್ದು ನಮ್ಮದೇ ಬಣ್ಣ."

ಆ ಸಾಲು ತಪ್ಪು. ಪೂರ್ತಿ ಸುಳ್ಳಲ್ಲ, ಆದ್ರೆ ನಾನು ಹೇಳಿದ ರೀತಿ ತಪ್ಪು. ಅದನ್ನ ಸರಿಮಾಡೋಕೆ ಹೋದಾಗ ಸಿಕ್ಕಿದ ಕಥೆ ನಾನು ಮೊದಲು ಹೇಳಿದ್ದಕ್ಕಿಂತ ದೊಡ್ಡದು. ಅದನ್ನ ಇವತ್ತು ಹೇಳ್ತೀನಿ.

ಒಂದು ಪ್ಯಾಂಟಿನಿಂದ ಶುರುವಾದ ಅನುಮಾನ

ಅಪ್ಪ-ಅವ್ವ ಚಳಿಗಾಲದಲ್ಲಿ ಪುಣೆಗೆ ಬಂದಿದ್ರು. ಅಪ್ಪನಿಗೆ ಎರಡು ಪ್ಯಾಂಟ್ ತರಿಸೋಣ ಅಂತ ಒಂದು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದೆ. ಬಣ್ಣದ ಪಟ್ಟಿಯಲ್ಲಿ "ಖಾಕಿ" ಅಂತಿತ್ತು. ಖುಷಿಯಾಗ್ತಾರೆ ಅಂತ ಅದನ್ನೇ ಒತ್ತಿದೆ. ಬಂದಿದ್ದನ್ನ ಅಪ್ಪ ಕಿಟಕಿ ಹತ್ತಿರ ಬೆಳಕಿಗೆ ಹಿಡಿದು ನೋಡಿ ಅಂದ್ರು: "ಇದು ಖಾಕಿ ಅಲ್ಲೋ ತಮ್ಮಾ. ಇದು ಹೆಸರುಬ್ಯಾಳಿ ಹಿಟ್ಟಿನ ಬಣ್ಣ ಐತಿ."

ನಾನು ವೃತ್ತಿಯಲ್ಲಿ ಫ್ರಂಟ್-ಎಂಡ್ ಬರೆಯೋನು. ಆಗ ನಂಗೆ ಹೊಳೀತು. ನಮ್ಮ ಸಿಎಸ್‌ಎಸ್‌ನಲ್ಲಿ "ಖಾಕಿ" ಅಂತ ಹೆಸರು ಕೊಟ್ಟರೆ ಬ್ರೌಸರ್ ಏನು ತೋರಿಸುತ್ತೆ ಗೊತ್ತಾ? ಕೆಂಪು 240, ಹಸಿರು 230, ನೀಲಿ 140. ಅಂದ್ರೆ ತಿಳಿ ಹಳದಿ, ಹೆಚ್ಚುಕಮ್ಮಿ ಅಪ್ಪ ಹೇಳಿದ ಬೇಳೆ ಬಣ್ಣವೇ. ಈ ಹೆಸರುಗಳು ಎಕ್ಸ್ ವಿಂಡೋ ಸಿಸ್ಟಮ್‌ನ ಹಳೇ ಪಟ್ಟಿಯಿಂದ ವೆಬ್ಬಿಗೆ ಬಂದವು. ಆ ಪಟ್ಟಿಯ ಖಾಕಿ ಹಾಕಿಕೊಂಡು ಯಾವ ಪೊಲೀಸಪ್ಪ ಬಂದರೂ ಹುಬ್ಬಳ್ಳಿಯಲ್ಲಿ ಯಾರೂ ಹೆದರಲ್ಲ. ಇನ್ನು ಅಮೆರಿಕದ ಕ್ಲೈಂಟ್ ಜತೆ ಕೆಲಸ ಮಾಡೋರಿಗೆ "ಖಾಕೀಸ್" ಅಂದ್ರೆ ಆಫೀಸಿಗೆ ಹಾಕೋ ಮರಳು ಬಣ್ಣದ ಪ್ಯಾಂಟು. ಕೆಲವು ಅಂಗಡಿಯವರಿಗೆ ಅದು ಹಸಿರು ಮಿಶ್ರಿತ. ನಮಗೆ ಮಾತ್ರ ಖಾಕಿ ಅಂದ್ರೆ ಗಟ್ಟಿ ಕಂದು, ಪೊಲೀಸ್, ಬಸ್ಸು, ರಿಕ್ಷಾ.

ಒಂದೇ ಪದಕ್ಕೆ ಇಷ್ಟು ಬಣ್ಣ ಯಾಕೆ? ಉತ್ತರ ಪದದಲ್ಲೇ ಇದೆ.

ಖಾಕ್ ಅಂದ್ರೆ ಮಣ್ಣು

ಪಾರ್ಸಿ ಭಾಷೆಯಲ್ಲಿ "ಖಾಕ್" ಅಂದ್ರೆ ಮಣ್ಣು, ಧೂಳು. ಅದಕ್ಕೆ "ಈ" ಸೇರಿಸಿದರೆ ಖಾಕಿ, ಅಂದ್ರೆ ಮಣ್ಣಿನದು, ಧೂಳಿನ ಬಣ್ಣದ್ದು. ಗುಲಾಬ್‌ನಿಂದ ಗುಲಾಬಿ, ಬಾದಾಮ್‌ನಿಂದ ಬಾದಾಮಿ, ಆಸಮಾನದಿಂದ ಆಸಮಾನಿ ಆದ ಹಾಗೇ ಇದೂ. ಒಂದು ವಸ್ತು ತೋರಿಸಿ "ಇದರ ಬಣ್ಣ" ಅನ್ನೋ ಪದ್ಧತಿ.

ಆದ್ರೆ ಗುಲಾಬಿ, ಬಾದಾಮಿಗೆ ಒಂದು ಅಂದಾಜು ಬಣ್ಣ ಇದೆ. ಮಣ್ಣಿಗೆ ಇದೆಯಾ? ಹುಬ್ಬಳ್ಳಿ ಕಡೆ ಎರೆ ಭೂಮಿ ಕಪ್ಪು. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪು. ಮಂಗಳೂರಿನ ಮುರಕಲ್ಲು ಇನ್ನೂ ಕೆಂಪು. ಪೇಶಾವರದ ಮಣ್ಣು ಮಾಸಲು ಹಳದಿ. ಮಣ್ಣಿಗೇ ಒಂದು ಬಣ್ಣ ಇಲ್ಲದ ಮೇಲೆ ಖಾಕಿಗೆ ಎಲ್ಲಿಂದ ಬರಬೇಕು?

ಖಾಕ್ ಅನ್ನೋ ಪದ ಪುಣೆಯಲ್ಲಿರೋ ನಾವೆಲ್ಲ ದಿನಾ ನೋಡ್ತೀವಿ, ಗಮನಿಸಲ್ಲ ಅಷ್ಟೇ. ಮರಾಠಿ ಪತ್ರಿಕೆಯಲ್ಲಿ ಎಲ್ಲಾದರೂ ಬೆಂಕಿ ಬಿದ್ದ ಸುದ್ದಿ ಬಂದರೆ "ಜಳೂನ್ ಖಾಕ್" ಅಂತ ಬರೀತಾರೆ. ಸುಟ್ಟು ಬೂದಿಯಾಯ್ತು ಅಂತ. ಅದೇ ಖಾಕ್. ಇನ್ನೊಂದು ಅರ್ಥ ನನಗೆ ಇನ್ನೂ ಇಷ್ಟ ಆಯ್ತು. ಪಾರ್ಸಿ-ಉರ್ದು ಬರಹದಲ್ಲಿ "ಖಾಕಿ" ಅಂದ್ರೆ ಮನುಷ್ಯ ಅಂತಲೂ ಆಗುತ್ತೆ. ಬೆಳಕಿನಿಂದ ಆದವರು ದೇವದೂತರು, ಬೆಂಕಿಯಿಂದ ಆದವು ಜಿನ್ನುಗಳು, ಮಣ್ಣಿನಿಂದ ಆದವನು ಮನುಷ್ಯ, ಅವನೇ ಖಾಕಿ. ಅಧಿಕಾರದ ಗುರುತು ಅಂತ ನಾವು ನೋಡೋ ಪದಕ್ಕೆ "ಮಣ್ಣಿಂದ ಬಂದವನು, ಮಣ್ಣಿಗೆ ಹೋಗುವವನು" ಅನ್ನೋ ಅರ್ಥ.

ಹಾಗಾದ್ರೆ ನಮ್ಮ ಕನ್ನಡದ್ದೇ ಪದ? "ಕಂದು" ಇದೆ. ಆದ್ರೆ ಕಂದು ಬರೀ ಬಣ್ಣ ಅಲ್ಲ, ಅದೊಂದು ಕ್ರಿಯೆ ಕೂಡ. ಬಿಸಿಲಿಗೆ ಎಲೆ ಕಂದುತ್ತೆ, ಬೈದರೆ ಮುಖ ಕಂದುತ್ತೆ. ಬಾಡಿ ಬಣ್ಣಗೆಡೋದು ಅಂತ. ಮರಾಠಿಯವರು ಬ್ರೌನ್‌ಗೆ "ತಪಕಿರಿ" ಅಂತಾರೆ, ತಪಕೀರ್ ಅಂದ್ರೆ ನಶ್ಯ. ನಾವು ಬಾಡಿದ ಎಲೆಯಿಂದ ಹೆಸರು ತಗೊಂಡ್ವಿ, ಅವರು ನಶ್ಯದ ಡಬ್ಬಿಯಿಂದ, ಪಾರ್ಸಿಯವರು ಧೂಳಿನಿಂದ.

ಮಣ್ಣಿನಿಂದಲೇ ಬಂದ ನಮ್ಮ ಪದ ಬೇರೆ ಇದೆ: ಕಾವಿ. ಕಾವಿ ಅಂದ್ರೆ ಮೊದಲು ಬಟ್ಟೆಯಲ್ಲ, ಕೆಂಪು ಮಣ್ಣು. ಮನೆ ಗೋಡೆಗೆ ಬಳಿಯೋ ಕಾವಿ, ಕರಾವಳಿ ದೇವಸ್ಥಾನಗಳ ಬಿಳಿ ಗೋಡೆ ಮೇಲಿನ ಕಾವಿ ಚಿತ್ರ. ತಮಿಳು, ತೆಲುಗಿನಲ್ಲೂ ಕಾವಿ, ಮರಾಠಿಯಲ್ಲಿ "ಕಾವ್". ಸುದ್ದಿವಾಹಿನಿಗಳಲ್ಲಿ "ಖಾದಿ, ಖಾಕಿ, ಕಾವಿ" ಅಂತ ಪ್ರಾಸ ಕಟ್ಟಿ ಹೇಳ್ತಾರಲ್ಲ, ರಾಜಕಾರಣಿ, ಪೊಲೀಸ್, ಸ್ವಾಮೀಜಿ ಅಂತ? ಮೂರರಲ್ಲಿ ಎರಡು ಮಣ್ಣಿನ ಹೆಸರು. ಒಂದು ದೂರದ ಧೂಳು, ಇನ್ನೊಂದು ನಮ್ಮ ಹಿತ್ತಲಿನ ಕೆಮ್ಮಣ್ಣು.

ಪೇಶಾವರದ ಧೂಳು

ಈಗ ಬಟ್ಟೆಯ ಕಥೆಗೆ ಬರೋಣ. ಬ್ರಿಟಿಷ್ ಸೈನ್ಯ ಅಂದ್ರೆ ಕೆಂಪು ಕೋಟು, ಬೇಸಿಗೆಗೆ ಬಿಳಿ. 1817ರ ನವೆಂಬರ್ 5ರಂದು ಇಲ್ಲೇ ನಮ್ಮ ಖಡಕಿಯಲ್ಲಿ ಪೇಶ್ವೆಯ ಸೈನ್ಯದ ಎದುರು ನಿಂತ ಕಂಪನಿಯ ಕಾಲಾಳುಗಳೂ ಆ ಕಾಲದವರೇ. ಆಗಿನ ಬಂದೂಕಿನ ಗುರಿ ನೂರು ಗಜ ದಾಟಿದರೆ ನಂಬೋ ಹಾಗಿರಲಿಲ್ಲ. ಸಾಲಾಗಿ ನಿಂತು ಹೊಡೆಯೋದು, ಹೊಗೆಯಲ್ಲಿ ನಮ್ಮವರು ಯಾರು ಅಂತ ಗೊತ್ತಾಗೋದು ಮುಖ್ಯ. ಹಾಗಾಗಿ ಎದ್ದು ಕಾಣೋ ಬಣ್ಣ.

1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಅನ್ನೋ ಅಧಿಕಾರಿ ಪೇಶಾವರದಲ್ಲಿ "ಕೋರ್ ಆಫ್ ಗೈಡ್ಸ್" ಅನ್ನೋ ಸಣ್ಣ ಪಡೆ ಕಟ್ಟಿದ. ಗಡಿಯ ಗುಡ್ಡಗಳಲ್ಲಿ ಬೇಹು ನಡೆಸೋರು, ದಾರಿ ತೋರಿಸೋರು. ಕೆಂಪು ಕೋಟು ಹಾಕಿಕೊಂಡು ಆ ಬೋಳು ಗುಡ್ಡ ಹತ್ತಿದರೆ ಒಂದು ಮೈಲಿ ದೂರಕ್ಕೆ ಕಾಣ್ತಾರೆ. ಲಮ್ಸ್‌ಡೆನ್ ತನ್ನವರಿಗೆ ಸ್ಥಳೀಯ ಸಡಿಲ ಬಟ್ಟೆ, ಧೂಳಿನ ಬಣ್ಣದಲ್ಲಿ ಕೊಟ್ಟ. ಅವನ ಜತೆಗಿದ್ದ ವಿಲಿಯಂ ಹಾಡ್ಸನ್ ಕೂಡ ಈ ಕೆಲಸದಲ್ಲಿ ಕೈಜೋಡಿಸಿದ. ಆ ಬಣ್ಣವನ್ನ ಅಲ್ಲಿನವರು ಅವರ ಮಾತಲ್ಲಿ ಏನಂತಿದ್ರೋ ಅದನ್ನೇ ಇವರೂ ಅಂದ್ರು: ಖಾಕಿ. ಇದು 1840ರ ದಶಕದ ಕೊನೆ.

1857ರಲ್ಲಿ ದಂಗೆ ಶುರುವಾದಾಗ ಗೋರಾ ಪಲ್ಟನ್ನುಗಳೂ ಬೇಸಿಗೆಯ ಬಿಳಿ ಸಮವಸ್ತ್ರವನ್ನ ಕೈಗೆ ಸಿಕ್ಕಿದ್ದರಲ್ಲಿ ಅದ್ದಿದವು. ಮಣ್ಣು, ಚಹಾ, ಕಾಫಿ. ಬಣ್ಣ ಒಂದೊಂದು ಪಲ್ಟನ್ನಿಗೆ ಒಂದೊಂದು ಥರ. ಗಲಾಟೆ ಮುಗಿದ ಮೇಲೆ ಮತ್ತೆ ಬಿಳಿಗೆ ಹೋದರು, ಯಾಕಂದ್ರೆ ಖಾಕಿ ಕೊಳಕು ಕಾಣುತ್ತೆ ಅಂತ. ಮತ್ತೆ ಅದು ಬಂದಿದ್ದು 1878ರ ಆಫ್ಘನ್ ಯುದ್ಧದಲ್ಲಿ. ರೈಫಲ್‌ಗಳು ದೂರ ಹೊಡೆಯೋಕೆ ಶುರುಮಾಡಿದ್ದವು. ಈಗ ಎದ್ದು ಕಾಣೋನು ಸಾಯ್ತಿದ್ದ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಹೊತ್ತಿಗೆ ಖಾಕಿ ಎಷ್ಟು ಮನೆಮಾತಾಗಿತ್ತು ಅಂದ್ರೆ, ಬ್ರಿಟನ್ನಿನಲ್ಲಿ 1900ರ ಚುನಾವಣೆಗೆ "ಖಾಕಿ ಚುನಾವಣೆ" ಅಂತಲೇ ಹೆಸರು ಬಿತ್ತು.

ಹಾಗಾದ್ರೆ ಮಂಗಳೂರು?

ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. 1843ರ "ಮಂಗಳೂರ ಸಮಾಚಾರ", 1894ರ ಕಿಟ್ಟೆಲ್ ನಿಘಂಟು, ನಮ್ಮ ಮನೆಗಳ ಮೇಲಿನ ಮಂಗಳೂರು ಹೆಂಚು, ಎಲ್ಲದರ ಹಿಂದೆ ಅವರಿದ್ದಾರೆ. ಅವರ ನೇಯ್ಗೆ ಕಾರ್ಖಾನೆಗೆ 1851ರಲ್ಲಿ ಜಾನ್ ಹಾಲರ್ ಅನ್ನೋ ನುರಿತ ನೇಕಾರ ಬಂದ. ಯುರೋಪಿನ ಮಾದರಿಯ ಮಗ್ಗಗಳು, ಜತೆಗೊಂದು ಬಣ್ಣದ ಮನೆ. ಅಲ್ಲಿ ಗೇರು ಜಾತಿಯ ಮರದಿಂದ ಹಾಲರ್ ಖಾಕಿ ಬಣ್ಣ ಕಂಡುಹಿಡಿದ, ಮುಂದೆ ಲಾರ್ಡ್ ರಾಬರ್ಟ್ಸ್ ಕಾರ್ಖಾನೆ ನೋಡೋಕೆ ಬಂದು ಮೆಚ್ಚಿ ಸೈನ್ಯಕ್ಕೆ ಅದನ್ನೇ ತಂದ. ಇದು ಕರಾವಳಿಯಲ್ಲಿ ಹೇಳೋ ಕಥೆ, ನಾನೂ ಹೇಳಿದ ಕಥೆ.

ಇಸವಿ ಪಕ್ಕಪಕ್ಕ ಇಟ್ಟು ನೋಡಿ. ಪೇಶಾವರದ ಪಡೆ 1846ರದ್ದು, ಹಾಲರ್ ಬಂದಿದ್ದು 1851ರಲ್ಲಿ. ಅಂದ್ರೆ "ಮೊದಲು" ಅನ್ನೋ ಮಾತು ನಿಲ್ಲಲ್ಲ. ಇನ್ನು ರಾಬರ್ಟ್ಸ್. ಅವರು ಮದ್ರಾಸ್ ಸೈನ್ಯದ ದಂಡನಾಯಕರಾಗಿದ್ದು 1881ರಿಂದ 1885. ಆದ್ರೆ ಅದಕ್ಕೂ ಮೂವತ್ತು ವರ್ಷ ಮುಂಚೆ, ಹುಡುಗನಾಗಿದ್ದಾಗಲೇ, ಅವರ ನೌಕರಿ ಪೇಶಾವರದಲ್ಲಿ. 1857ರಲ್ಲಿ ದೆಹಲಿಯಲ್ಲಿದ್ದರು, 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ಸೈನ್ಯ ನಡೆಸಿದ್ದರು. ಖಾಕಿ ಅಂದ್ರೇನು ಅಂತ ಮಂಗಳೂರಿಗೆ ಬಂದು ಕಲಿಯೋ ಅಗತ್ಯ ಅವರಿಗೆ ಇರಲಿಲ್ಲ.

ಹಾಗಂತ ಕಥೆಯನ್ನ ಪೂರ್ತಿ ಎಸೆಯೋಕೂ ಆಗಲ್ಲ. ಅದಕ್ಕೆ ನನಗೆ ದಾರಿ ತೋರಿಸಿದ್ದು ಪುಸ್ತಕ ಅಲ್ಲ, ಅವ್ವ.

ನಾನು ಇದೆಲ್ಲ ಊಟದ ಹೊತ್ತಿಗೆ ಹೇಳ್ತಾ ಇದ್ದಾಗ ಅವ್ವ ಮಧ್ಯೆ ಬಾಯಿ ಹಾಕಿದ್ಲು: "ಬಣ್ಣ ಹಚ್ಚೂದು ಏನು ದೊಡ್ಡದಲ್ಲ. ಬಣ್ಣ ಕುಂದ್ರೂದು ದೊಡ್ಡದು." ಆಮೇಲೆ ವಿವರಿಸಿದ್ಲು. ಅಪ್ಪನಿಗೆ ಸಮವಸ್ತ್ರದ ಬಟ್ಟೆ ಬಂದಾಗ ಮೊದಲ ಎರಡು ಸಲ ಬೇರೆ ಬಕೆಟ್. ಇಲ್ಲಾಂದ್ರೆ ನನ್ನ ಶಾಲೆಯ ಬಿಳಿ ಅಂಗಿಗೆಲ್ಲ ಬಣ್ಣ ಹತ್ತೋದು. ಒಂದು ವರ್ಷ ಬಂದ ತುಣುಕು ಎಷ್ಟು ಬಿಟ್ಟಿತು ಅಂದ್ರೆ, ನಾಲ್ಕು ತಿಂಗಳಲ್ಲಿ ಬೆನ್ನು ಒಂದು ಬಣ್ಣ, ಕಾಲರ್ ಒಂದು ಬಣ್ಣ, ಸೀಟಿಗೆ ಉಜ್ಜೋ ಕಡೆ ಮೂರನೇ ಬಣ್ಣ.

ಹತ್ತೊಂಬತ್ತನೇ ಶತಮಾನದ ಸೈನ್ಯದ ಸಮಸ್ಯೆ ನಿಜವಾಗಿ ಇದೇ. ಚಹಾದಲ್ಲಿ ಅದ್ದಿದ ಬಟ್ಟೆ ಒಂದು ಮಳೆಗೆ ಬಿಳಚಿಕೊಳ್ಳುತ್ತೆ. ಸಾವಿರ ಜನ ಸಾಲಾಗಿ ನಿಂತರೆ ಸಾವಿರ ಬಣ್ಣ. ಖಾಕಿಯ ಕಲ್ಪನೆ ಇತ್ತು, ನಿಲ್ಲೋ ಖಾಕಿ ಇರಲಿಲ್ಲ. ದೊಡ್ಡ ಪ್ರಮಾಣದ ಉತ್ತರ ಬಂದಿದ್ದು 1884ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಫ್ರೆಡರಿಕ್ ಗ್ಯಾಟಿ ಪಡೆದ ಪೇಟೆಂಟಿನಿಂದ. ಖನಿಜ ಖಾಕಿ ಅಂತಾರೆ ಅದಕ್ಕೆ. ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳಲ್ಲಿ ನೂಲನ್ನ ಅದ್ದಿ, ಆ ಲೋಹಗಳ ಆಕ್ಸೈಡ್ ಎಳೆಯೊಳಗೇ ಕೂರೋ ಹಾಗೆ ಮಾಡೋದು. ಒಗೆದರೆ ಹೋಗಲ್ಲ, ಬಿಸಿಲಿಗೆ ಮಾಸಲ್ಲ. 1885ರ ಹೊತ್ತಿಗೆ ಭಾರತದ ಸೈನ್ಯದಲ್ಲಿ ಖಾಕಿ ನೆಲೆಯಾಯ್ತು, 1902ರಲ್ಲಿ ಬ್ರಿಟನ್ನಿನ ಒಳಗೂ.

ಇಲ್ಲೊಂದು ತಮಾಷೆ ನೋಡಿ. ಕಬ್ಬಿಣದ ಆಕ್ಸೈಡ್ ಅಂದ್ರೆ ತುಕ್ಕು. ಮುರಕಲ್ಲಿಗೆ, ಕೆಮ್ಮಣ್ಣಿಗೆ, ಕಾವಿಗೆ ಬಣ್ಣ ಕೊಡೋದೂ ಅದೇ ಕಬ್ಬಿಣ. ಮಣ್ಣಿನ ಹೆಸರಿನ ಬಟ್ಟೆ ಕೊನೆಗೆ ನಿಂತಿದ್ದು ಮಣ್ಣಿನಲ್ಲಿರೋ ವಸ್ತುವಿನಿಂದಲೇ.

ಈ ಕಣ್ಣಲ್ಲಿ ನೋಡಿದರೆ ಮಂಗಳೂರಿಗೆ ಗೌರವದ ಜಾಗ ಇದೆ. ಹಾಲರ್ ಖಾಕಿಯ ತಂದೆ ಅಲ್ಲ. ಒಗೆದರೆ ಉಳಿಯೋ ಖಾಕಿಗಾಗಿ ಹಲವು ಕಡೆ ನಡೆದ ಹುಡುಕಾಟದಲ್ಲಿ, ಗ್ಯಾಟಿಗಿಂತ ಮುಂಚೆ, ಬಲ್ಮಠದ ಬಣ್ಣದ ಮನೆಯೂ ಒಂದು. ರಾಬರ್ಟ್ಸ್ ಮೆಚ್ಚಿದ್ದೇ ಆದರೆ ಮೆಚ್ಚೋದು ಬಣ್ಣವನ್ನಲ್ಲ, ಅದು ಬಿಡದೆ ನಿಂತಿದ್ದನ್ನ. ನಾನು ರಾಜ್ಯೋತ್ಸವದಲ್ಲಿ ಹೇಳಬೇಕಿದ್ದ ಸಾಲು ಇಷ್ಟೇ. ಚಪ್ಪಾಳೆ ಕಮ್ಮಿ ಬರ್ತಿತ್ತು, ಸುಳ್ಳು ಇರ್ತಿರಲಿಲ್ಲ.

ಮಗ್ಗದ ಹಿಂದೆ ಕೂತವರು

ಇನ್ನೊಂದು ವಿಷಯ ನನಗೆ ಕಾಡಿದ್ದು. ಮಿಷನ್ ಈ ಕಾರ್ಖಾನೆಗಳನ್ನ ಶುರುಮಾಡಿದ್ದು ಬರೀ ಲಾಭಕ್ಕಲ್ಲ. ಮತಾಂತರವಾದವರು, ಅವರಲ್ಲಿ ಬಹಳ ಜನ ಶೇಂದಿ ಇಳಿಸೋ ಬಿಲ್ಲವರು, ಮನೆಯಿಂದ, ಜಾತಿಯಿಂದ, ಕಸುಬಿನಿಂದ ಹೊರಗೆ ಬಿದ್ದಿದ್ದರು. ಅವರಿಗೆ ಕೆಲಸ ಬೇಕಿತ್ತು. ಮಗ್ಗ ಕೊಟ್ಟರು, ಆಮೇಲೆ 1865ರಿಂದ ಹೆಂಚಿನ ಕಾರ್ಖಾನೆ. ಒಂದು ಕಡೆ ನೇತ್ರಾವತಿ ದಂಡೆಯ ಮಣ್ಣು ಹೆಂಚಾಗ್ತಿತ್ತು, ಇನ್ನೊಂದು ಕಡೆ ನೂಲಿಗೆ ಬಣ್ಣ ಹತ್ತುತ್ತಿತ್ತು. ಎರಡಕ್ಕೂ ಊರು ಬಿಟ್ಟವರ ಕೈ. ಮುಂದೆ ಮೊದಲ ಮಹಾಯುದ್ಧ ಬಂದಾಗ, ಜರ್ಮನ್ ನಂಟಿನ ಕಾರಣಕ್ಕೆ, ಬ್ರಿಟಿಷ್ ಸರ್ಕಾರ ಈ ಕಾರ್ಖಾನೆಗಳನ್ನ ವಶಕ್ಕೆ ತಗೊಂಡಿತು; ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ಲಮ್ಸ್‌ಡೆನ್ ಹೆಸರು ಉಳೀತು, ಹಾಲರ್ ಹೆಸರು ಉಳೀತು, ಗ್ಯಾಟಿ ಹೆಸರು ಪೇಟೆಂಟಿನಲ್ಲಿ ಉಳೀತು. ಪೇಶಾವರದಲ್ಲಿ ಬಟ್ಟೆ ಅದ್ದಿದವರು, ಬಲ್ಮಠದಲ್ಲಿ ಕೈಯೆಲ್ಲ ಕಂದು ಮಾಡಿಕೊಂಡು ನೂಲು ಹಿಂಡಿದವರು ಕಥೆಯಲ್ಲಿ ಇಲ್ಲ. "ನಮ್ಮ ಮಂಗಳೂರು" ಅಂತ ಹೆಮ್ಮೆಪಡುವಾಗ ನಾನೂ ಒಬ್ಬ ಬಾಸೆಲ್ ಮಿಷನ್ನಿನ ನೇಕಾರನ ಹೆಸರು ಹೇಳಿದೆ, ಮಂಗಳೂರಿನವರು ಒಬ್ಬರ ಹೆಸರೂ ಹೇಳಲಿಲ್ಲ.

ಸ್ವಾರಗೇಟ್

ಅಪ್ಪ ಕೊನೆಯ ಹತ್ತು ವರ್ಷ ಹುಬ್ಬಳ್ಳಿ-ಪುಣೆ ರಾತ್ರಿ ಬಸ್ಸು ಓಡಿಸಿದವರು. ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಬೆಳಗಿನ ಜಾವ ಸ್ವಾರಗೇಟ್. ಅಲ್ಲಿ ಎಸ್‌ಟಿ ಡ್ರೈವರುಗಳೂ ಖಾಕಿ, ಇವರೂ ಖಾಕಿ. ಚಹಾದ ಗಾಡಿ ಮುಂದೆ ನಿಂತರೆ ಬಾಯಿ ಬಿಡೋವರೆಗೂ ಯಾರು ಯಾವ ರಾಜ್ಯ ಅಂತ ಗೊತ್ತಾಗಲ್ಲ.

ಗಡಿ ಗಲಾಟೆ ಎದ್ದಾಗ ಬಸ್ಸಿಗೆ ಮಸಿ ಬಳಿಯೋದು ಎರಡೂ ಕಡೆ ನಡೆಯುತ್ತೆ, ನಾವೆಲ್ಲ ನೋಡಿದೀವಿ. ಅಪ್ಪನ ಬಸ್ಸಿಗೂ ಒಮ್ಮೆ ಬಳಿದ್ರಂತೆ, ಮುಂದಿನ ಗಾಜಿನ ಕೆಳಗೆ, ಕನ್ನಡ ಅಕ್ಷರದ ಮೇಲೆ. ಮನೆಯಲ್ಲಿ ಆಗ ಹೇಳಿರಲಿಲ್ಲ, ಮೊನ್ನೆ ಹೇಳಿದ್ರು. ಗುಂಪು ಹೋದ ಮೇಲೆ ಪಕ್ಕದ ಪ್ಲಾಟ್‌ಫಾರ್ಮಿನ ಎಸ್‌ಟಿ ಡ್ರೈವರೊಬ್ಬ ಸೀಮೆಎಣ್ಣೆ ಬಾಟಲಿ, ಹಳೇ ಬಟ್ಟೆ ತಂದು ಕೊಟ್ಟನಂತೆ. ಇಬ್ಬರೂ ಸೇರಿ ಒರೆಸಿದರು. ಆ ಒರೆಸೋ ಬಟ್ಟೆ ಏನಪ್ಪಾ ಅಂದ್ರೆ, ಅವನ ಹರಿದ ಖಾಕಿ ಶರ್ಟಿನ ತೋಳು.

ಇದನ್ನ ಕೇಳಿದ ಮೇಲೆ "ನಮ್ಮದೇ ಬಣ್ಣ" ಅನ್ನೋ ಮಾತನ್ನ ಹೇಗೆ ತಿದ್ದೋದು ಅಂತ ಯೋಚನೆ ಆಯ್ತು. ಆದರೂ ಅಪ್ಪನಿಗೆ ಎಲ್ಲಾ ಹೇಳಿದೆ. ಪದ ಪಾರ್ಸಿ, ಬಟ್ಟೆ ಪೇಶಾವರ, ಗಟ್ಟಿ ಬಣ್ಣ ಲ್ಯಾಂಕಶೈರ್, ಮಂಗಳೂರಿನದು ನಡುವಿನ ಒಂದು ಮೆಟ್ಟಿಲು. ನಿಮ್ಮ ಗುಂಪಿನಲ್ಲಿ ನನ್ನ ತಪ್ಪನ್ನ ನೀವೇ ತಿದ್ದಬೇಕಾಗುತ್ತೆ, ಕ್ಷಮಿಸಿ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಬೇಜಾರಾಯ್ತು ಅನ್ಕೊಂಡೆ. ಆಮೇಲೆ ಅಂದ್ರು: "ಎಲ್ಲೆರ ಹುಟ್ಟಿರ್ಲಿ ಬಿಡು. ಮೂವತ್ತೊಂದು ವರ್ಷ ತೊಳದಾಕಿ ನಿಮ್ಮವ್ವ."

ಅಡುಗೆಮನೆಯಿಂದ ಅವ್ವ: "ಅದನ್ನ ಹಾಕ್ರಿ ನಿಮ್ಮ ಗುಂಪಿನ್ಯಾಗ."

ಹಾಕಿದ್ರು. ಗುಂಪಿನಲ್ಲಿ ಚರ್ಚೆ ಈಗ ಪೇಶಾವರ ಬಿಟ್ಟು ಯಾವ ಸೋಪಿನಿಂದ ಕಾಲರ್ ಸ್ವಚ್ಛ ಆಗ್ತಿತ್ತು ಅನ್ನೋ ಕಡೆ ಹೋಗಿದೆ. ಹಳೇ ಸಂಚಿಕೆಯಿಂದ ಆ ಸಾಲು ತೆಗೆಯಲ್ಲ, ಅದರ ಕೆಳಗೆ ಈ ತಿದ್ದುಪಡಿ ಸೇರಿಸಿದೀನಿ, ತಪ್ಪು ಕಾಣ್ತಾ ಇರಲಿ ಅಂತ. ನಿಮ್ಮ ಮನೆಯಲ್ಲೂ ಖಾಕಿ ಹಾಕಿದವರು, ಅದನ್ನ ಒಗೆದವರು ಇದ್ದರೆ, ಅಥವಾ ಬಲ್ಮಠದ ಮಗ್ಗದಲ್ಲಿ ಕೂತಿದ್ದ ಅಜ್ಜ-ಅಜ್ಜಿಯ ನೆನಪು ಇದ್ದರೆ, ದಯವಿಟ್ಟು ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.